ಉಣ್ಣೆಯ ಬಲಗಡೆ

ಬಕ್ರೀದಿಗೆಂದು ತಂದ ಹೋತವನ್ನು ಈಗಷ್ಟೇ ಹಿತ್ತಲಲ್ಲಿ ಕಟ್ಟಿಹಾಕಿ ಮೈ ತೊಳೆಯುತ್ತಿದ್ದೆ. ಅದರ ಕಿವಿಯ ಒಳಮಡಿಕೆಯಲ್ಲಿ ಹುರುಳಿಕಾಳಿನಷ್ಟು ದಪ್ಪದ ಒಂದು ಉಣ್ಣೆಹುಳ ಕಚ್ಚಿಕೊಂಡಿತ್ತು. ಬೇರೆಯವರಾಗಿದ್ದರೆ ಕಿತ್ತು, ಕಲ್ಲಿನ ಮೇಲಿಟ್ಟು, ಚಪ್ಪಲಿಯಲ್ಲಿ ಹೊಸಕಿ, ಕೈ ತೊಳೆದುಕೊಳ್ಳುತ್ತಿದ್ದರು. ನಾನು ಅದನ್ನು ಬುಡದಲ್ಲಿ ಹಿಡಿದು ನೇರವಾಗಿ ಎಳೆದೆ. ತಿರುಚಿ ಎಳೆದರೆ ಅದರ ಬಾಯಿ ಚರ್ಮದೊಳಗೇ ಉಳಿದುಬಿಡುತ್ತದೆ. ಆಮೇಲೆ ಅಂಗೈ ಮೇಲೆ ಅಂಗಾತ ಮಲಗಿಸಿಕೊಂಡು, ಕನ್ನಡಕವನ್ನು ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡುತ್ತಾ ನಿಂತೆ.

ನನ್ನ ಹೆಂಡತಿ ಶಮೀಮ್ ಅಡುಗೆಮನೆಯ ಬಾಗಿಲಿಗೆ ಬಂದಳು. "ತೋಬಾ! ಹೋತದ ಹಲ್ಲು ನೋಡಿ ತಗೊಂಬನ್ನಿ ಅಂದ್ರೆ ನೋಡ್ಲಿಲ್ಲ. ಈಗ ಉಣ್ಣೆದು ಸೊಂಟ ನೋಡ್ತಾ ನಿಂತವ್ರೆ" ಎಂದಳು.

ತಪ್ಪು ಅವಳದಲ್ಲ. ಶಿರಾ ಪೇಟೆಯಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದ ರಹಮತ್ ಎಂಬ ಮನುಷ್ಯ ಹೀಗೆ ಹುಳ ನೋಡುತ್ತಾ ನಿಂತರೆ ಯಾವ ಹೆಂಡತಿ ತಾನೇ ಸುಮ್ಮನಿದ್ದಾಳು? ಈ ಚಾಳಿ ನನಗೆ ಹತ್ತಿಸಿದವರು ಮಧುಗಿರಿಯ ಡಾಕ್ಟರ್ ಸಣ್ಣೀರಮ್ಮ. ಡಾಕ್ಟರ್ ಎಂದ ಕೂಡಲೇ ನೀವು ನಾಲಗೆ ಚಾಚಬೇಡಿ. ಅವರು ಜನರ ಡಾಕ್ಟರಲ್ಲ, ದನದ ಡಾಕ್ಟರೂ ಅಲ್ಲ. ಉಣ್ಣೆಗಳನ್ನು ಒಂದೊಂದಾಗಿ ನೋಡಿ, ಇದು ಇಂಥ ಜಾತಿ, ಅದು ಇನ್ನೊಂದು ಎಂದು ವಿಂಗಡಿಸಿ ಹೆಸರು ಹಚ್ಚುವ ವಿಜ್ಞಾನಿ. ನಾನು ಅವರ ಪುಸ್ತಕಕ್ಕೆ ಚಿತ್ರ ಬರೆಯುವವನು. ನನ್ನ ಕೈಗೆ ಅಂಟಿದ್ದ ಒಂದು ಹಳೆಯ ಅಭ್ಯಾಸದಿಂದ ಆ ಹೆಂಗಸಿನ ನಲವತ್ತು ವರ್ಷದ ಹೆಸರು ಮೂರಾಬಟ್ಟೆಯಾಗುವುದರಲ್ಲಿತ್ತು. ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ಹೋತದ ಮೈ ಒಣಗುವವರೆಗೆ ನಿಮಗೆ ಹೇಳುತ್ತೇನೆ.

ಮೊದಲು ಆ ಅಭ್ಯಾಸದ ವಿಷಯ. ನಮ್ಮ ಅಬ್ಬಾ ಕೂಡ ಬೋರ್ಡು ಬರೆಯುತ್ತಿದ್ದವರೇ. ಕನ್ನಡ, ಉರ್ದು ಎರಡರಲ್ಲೂ ಅವರ ಅಕ್ಷರ ಒಂದೇ ನೀರಿನಲ್ಲಿ ತೊಳೆದ ಹಾಗೆ ಇರುತ್ತಿತ್ತು. ಆಗ ಸೋಡಾ ಅಂಗಡಿಯಿಂದ ಬೀಡಿ ಅಂಗಡಿಯವರೆಗೆ ಎಲ್ಲರಿಗೂ ಹೆಸರಿನ ಎರಡು ಪಕ್ಕ ಎರಡು ನವಿಲು ಬೇಕು, ಎರಡೂ ಒಂದೇ ಅಳತೆಯಲ್ಲಿ ಇರಬೇಕು. ಒಂದರ ಕೊಕ್ಕು ಎಳ್ಳಿನಷ್ಟು ಊದಿದರೂ ಅಂಗಡಿಯವನು, "ಸಾಬ್ರೇ, ಈ ಕಡೆ ನವಿಲಿಗೆ ಸೀತ ಆಗೈತಾ?" ಎಂದು ಕೇಳುತ್ತಿದ್ದ. ಅದಕ್ಕೆ ಅಬ್ಬಾ ಕಂದು ಕಾಗದವನ್ನು ನಡುವೆ ಮಡಚಿ, ಒಂದು ಬದಿಯಲ್ಲಿ ಮಾತ್ರ ನವಿಲು ಬರೆದು, ಗೆರೆಯುದ್ದಕ್ಕೂ ಗುಂಡುಸೂಜಿಯಿಂದ ಚುಚ್ಚುತ್ತಿದ್ದರು. ಕಾಗದ ಬಿಡಿಸಿದರೆ ಎರಡು ಬದಿಗೂ ತೂತು. ಹಲಗೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟನ್ನು ತಟ್ಟಿದರೆ ಎರಡೂ ನವಿಲು ಒಟ್ಟಿಗೆ ಮೂಡುತ್ತಿದ್ದವು.

ಎಂಟನೆಯ ಕ್ಲಾಸಿನಲ್ಲಿದ್ದಾಗ ನಾನು ಜಂಬಕ್ಕೆ ಬಿದ್ದು ಎರಡೂ ನವಿಲನ್ನು ಕೈಯಲ್ಲೇ ಬರೆದೆ. ಅಬ್ಬಾ ಬ್ರಷ್ಷಿನ ಹಿಡಿಯಿಂದ ಗೆಣ್ಣಿಗೆ ಹೊಡೆದರು. "ಎರಡು ಸಲ ಯಾಕೆ ಬೆವರು ಸುರಿಸ್ತೀಯಾ? ಅರ್ಧ ಬರಿ ಬೇಟಾ, ಇನ್ನರ್ಧ ಕಾಗದಾನೇ ಬರ್ಕಂತದೆ" ಎಂದರು. ಅಂದಿನಿಂದ ನಾನು ಅರ್ಧ ಬರೆದವನೇ. ಹೂವಿನ ಕುಂಡ, ಗಡಿಯಾರ, ಗಂಡಭೇರುಂಡ, ಮಾರ್ಬಲ್ ಅಂಗಡಿಯ ತಾಜಮಹಲು, ಯಾವುದರ ಬಲಗಡೆಯನ್ನೂ ನಾನು ಕಣ್ಣಿಟ್ಟು ನೋಡಿದವನಲ್ಲ.

ಆಮೇಲೆ ಫ್ಲೆಕ್ಸು ಬಂತು. ನವಿಲುಗಳು ಹಾರಿಹೋದವು. ಉಳಿದದ್ದು ಶಾಲೆ ಗೋಡೆ, ಆಸ್ಪತ್ರೆ ಗೋಡೆ. ತಾವರೆಕೆರೆಯ ದನದ ಆಸ್ಪತ್ರೆಯ ಗೋಡೆಗೆ ಒಂದು ಹಸು ಬರೆಯುತ್ತಿದ್ದೆ. ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು.

"ನಾಲ್ಕು ಮೊಲೆನೂ ಕಾಣಂಗೆ ಬರ್ದಿದ್ದೀಯಲ್ಲಯ್ಯ. ಎಲ್ರೂ ಎರಡೇ ಬರ್ದು ಬುಟ್ಬುಡ್ತಾರೆ."

ತಿರುಗಿದರೆ ಎಪ್ಪತ್ತರ ಆಸುಪಾಸಿನ ಒಬ್ಬ ಹೆಂಗಸು. ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡಿದ್ದರು. ಹೆಗಲ ಮೇಲೆ ಒಗೆಯದ ಬಿಳಿ ಬಟ್ಟೆ. ಕೈಚೀಲದಿಂದ ಕಿರುಬೆರಳಿನಷ್ಟು ಸೀಸೆಯೊಂದನ್ನು ತೆಗೆದರು. ಸ್ಪಿರಿಟ್ಟಿನಲ್ಲಿ ಒಂದು ಕಂದು ಚುಕ್ಕೆ ತೇಲುತ್ತಿತ್ತು.

"ಇದನ್ನ ಬರೀತೀಯಾ?"

"ಉಣ್ಣೆ ಯಾವ ಅಂಗಡಿ ಬೋರ್ಡಿಗಮ್ಮ?" ಎಂದು ಕೇಳಿದೆ. ಅವರು ನಕ್ಕರು. ಅಷ್ಟರಲ್ಲಿ ಹಗ್ಗದಲ್ಲಿ ಕರು ಹಿಡಿದುಕೊಂಡು ಬಂದ ರೈತನೊಬ್ಬ, "ಡಾಕ್ಟ್ರಮ್ಮ, ಇದು ಎರಡು ದಿನದಿಂದ ಮೇವು ತಿಂತಿಲ್ಲ, ಒಂದು ಸೂಜಿ ಹಾಕ್ಬುಡಿ" ಎಂದು ಅಡ್ಡ ಬಂದ. "ನಾನು ಹೆಸರಿಡೋ ಡಾಕ್ಟ್ರು ಕಣಪ್ಪ, ಮದ್ದು ಕೊಡೋರು ಒಳಗವ್ರೆ" ಎಂದರು ಸಣ್ಣೀರಮ್ಮ. ಅವನು ಒಂದು ಗಳಿಗೆ ಯೋಚನೆ ಮಾಡಿ, "ಹಂಗಾದ್ರೆ ಕರೂಗೆ ಒಂದು ಹೆಸ್ರಾದ್ರೂ ಇಡಿ" ಎಂದ. ಅವರು ಅದಕ್ಕೂ ಇಟ್ಟುಹೋದರು, ಗೌರಿ ಅಂತ.

ಅವರ ಕಥೆ ನನಗೆ ತುಂಡುತುಂಡಾಗಿ ಗೊತ್ತಾದದ್ದು, ಬಸ್ಸುಗಳಲ್ಲಿ. ಮಿಡಿಗೇಶಿಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ಕುರಿಯ ತುಪ್ಪಟ ಸರಿಸಿ ಉಣ್ಣೆ ಕಿತ್ತು, ಬೂದಿ ತುಂಬಿದ ಚಿಪ್ಪಿಗೆ ಹಾಕುವುದು ಮಕ್ಕಳ ಕೆಲಸವಾಗಿತ್ತು. ಈ ಮಗಳು ಚಿಪ್ಪಿಗೆ ಹಾಕದೆ ಚಪ್ಪಡಿ ಕಲ್ಲಿನ ಮೇಲೆ ಸಾಲು ಜೋಡಿಸುತ್ತಿದ್ದಳಂತೆ. ಬರೀ ಕಂದು ಬಣ್ಣದವು ಒಂದು ಸಾಲು, ಕಾಲಿಗೆ ಬಿಳಿ ಬಳೆ ತೊಟ್ಟಂಥವು ಒಂದು ಸಾಲು. "ಎಲ್ಲಾ ರಕ್ತ ಕುಡಿಯೋವೇ ಕಣೇ, ಅದ್ರಾಗೇನು ಜಾತಿ ನೋಡ್ತೀಯಾ?" ಎಂದು ಅವ್ವ ಬೈಯುತ್ತಿದ್ದಳಂತೆ. ಅವ್ವ ಬೈದದ್ದನ್ನೇ ಮಗಳು ಬದುಕೆಲ್ಲ ಮಾಡಿದಳು. ಮಧುಗಿರಿ ಬಸ್ಸಿನಲ್ಲಿ ಶುರುವಾದ ಓದು ದೂರದ ಊರಿನ ದೊಡ್ಡ ಪ್ರಯೋಗಶಾಲೆಯವರೆಗೆ ಹೋಯಿತು. ಯಾವ ಉಣ್ಣೆ ಜ್ವರ ಹರಡುತ್ತದೆ, ಯಾವುದು ಹರಡುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ಯಾವುದು ಯಾವುದೆಂದು ಹೇಳುವವರು ಬೇಕಲ್ಲ. ಹೇಳುವವರು ಸಣ್ಣೀರಮ್ಮ. ದೇಶದ ಮೂಲೆಮೂಲೆಯಿಂದ ಅವರಿಗೆ ಸೀಸೆಗಳು ಬರುತ್ತಿದ್ದವು. ಬೆನ್ನ ಹಿಂದೆ 'ಉಣ್ಣೆ ಮೇಡಂ' ಎಂದು ಆಡಿಕೊಳ್ಳುತ್ತಿದ್ದ ಗಂಡಸರೂ ಕೊನೆಗೆ ಸೀಸೆ ಹಿಡಿದು ಅವರ ಬಾಗಿಲಿಗೇ ಬರುತ್ತಿದ್ದರಂತೆ.

ನಿವೃತ್ತಿಯಾಗಿ ಮಧುಗಿರಿಗೆ ಬಂದು, ಬೆಟ್ಟ ಕಾಣುವ ಒಂದು ಬಾಡಿಗೆ ಮನೆಯಲ್ಲಿ ಕೂತು, ಈ ಬಯಲುಸೀಮೆಯ ಉಣ್ಣೆಗಳ ಮೇಲೆ ಒಂದು ಪುಸ್ತಕ ಬರೆಯಲು ಶುರುಮಾಡಿದರು. ಶುರುಮಾಡಿದ ವರ್ಷವೇ ಕಣ್ಣು ಕೈಕೊಟ್ಟಿತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಣ್ಣಿನ ಹಿಂದಿನ ಪರದೆಯ ತೊಂದರೆ. ನೇರವಾಗಿ ಏನನ್ನು ನೋಡಿದರೂ ಅದರ ನಡುಮಧ್ಯಕ್ಕೆ ಮಸಿ ಬಳಿದ ಹಾಗೆ ಕಾಣುತ್ತದಂತೆ. ಬಸ್ಸಿನ ಬೋರ್ಡು, ಎದುರಿಗಿದ್ದವರ ಮುಖ, ಸೂಕ್ಷ್ಮದರ್ಶಕದ ಕೆಳಗಿನ ಹುಳ, ಎಲ್ಲದಕ್ಕೂ ಅದೇ ಮಸಿ. ಅದಕ್ಕೇ ನಾನು ಬೇಕಾದದ್ದು. ನಾನು ನೋಡಿ ತಟ್ಟೆಯಗಲಕ್ಕೆ ಚಿತ್ರ ಬರೆಯಬೇಕು, ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆಗಣ್ಣಿನಲ್ಲಿ ಓದಬೇಕು. "ಫೋಟೊ ತೆಗೆದ್ರೆ ಆಗಲ್ವಾ ಅಮ್ಮ?" ಎಂದು ಕೇಳಿದ್ದೆ. "ಫೋಟೊದಾಗೆ ಮುಂದ್ಲುದು ಕಂಡ್ರೆ ಹಿಂದ್ಲುದು ಮಬ್ಬು. ಅದೂ ಅಲ್ದೆ ಫೋಟೊ ತೆಗೆಯೋನು ಹುಳ ನೋಡಲ್ಲ, ಬರಿಯೋನು ನೋಡ್ತಾನೆ" ಎಂದರು. ಆ ಮಾತು ಕೇಳಿ ನನ್ನ ಎದೆ ಉಬ್ಬಿತ್ತು. ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಯಾಕೆಂದರೆ ನಾನು ಮಾಡುತ್ತಿದ್ದದ್ದು ಇಷ್ಟು. ಮಧುಗಿರಿಯಲ್ಲಿ ಕೂತು ಹುಳದ ಎಡ ಅರ್ಧವನ್ನು ಪಾರದರ್ಶಕ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು. ಎಂಟು ಕಾಲಿನಲ್ಲಿ ನಾಲ್ಕು. ಆ ಕಾಗದವನ್ನು ಶಿರಾಕ್ಕೆ ತಂದು, ನಡುವೆ ಮಡಚಿ, ಉಗುರಿನಿಂದ ತಿಕ್ಕಿ, ಇನ್ನೊಂದು ಬದಿಗೂ ಇಳಿಸಿ, ಎರಡನ್ನೂ ದಪ್ಪ ಹಾಳೆಗೆ ತೆಗೆದು ಇಂಕು ಹಾಕುವುದು. ಇದರಲ್ಲಿ ಮೋಸ ಇದೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನವಿಲಿಗೆ ಸರಿಹೋದದ್ದು ಉಣ್ಣೆಗೆ ಯಾಕೆ ಸರಿಹೋಗಬಾರದು? ಹೀಗೆ ಮೂವತ್ತೇಳು ಚಿತ್ರಗಳು ಮುಗಿದವು.

ಹುಳ ಹಿಡಿಯುವುದಕ್ಕೂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಆ ಬಿಳಿ ಬಟ್ಟೆಯ ಎರಡು ಮೂಲೆಗೆ ಹಗ್ಗ ಕಟ್ಟಿ ಕುರುಚಲು ಗಿಡಗಳ ಮೇಲೆ ಎಳೆಯುತ್ತಾ ನಡೆಯಬೇಕು. ದನವೋ ಮೊಲವೋ ಬಂತು ಎಂದುಕೊಂಡು ಉಣ್ಣೆಗಳು ಬಟ್ಟೆಗೆ ಹತ್ತುತ್ತವೆ. ಹತ್ತು ಹೆಜ್ಜೆಗೊಮ್ಮೆ ನಿಂತು ಹೆಕ್ಕಬೇಕು. ಪಾವಗಡದ ಕಡೆ ಒಬ್ಬ ಅಜ್ಜಿ ಮೇಕೆ ಕಾಯುತ್ತಾ ನಮ್ಮನ್ನು ಅರ್ಧ ಗಂಟೆ ನೋಡಿದಳು. ಕೊನೆಗೆ ತಡೆಯಲಾರದೆ, "ಏಮ್ಮಾ, ಪಾಪಂ, ಒಗೆಯಾಕೆ ನೀರು ಸಿಗ್ಲಿಲ್ವಾ? ಅಂಗೆ ಮುಳ್ಳಿಗೆ ತಿಕ್ಕಿದ್ರೆ ಕೊಳೆ ಹೋಗ್ತದಾ?" ಎಂದು ಕೇಳಿ, ನಮಗೆ ಕುಡಿಯಲು ಅರ್ಧ ಬಿಂದಿಗೆ ನೀರು ಕೊಟ್ಟಳು.

ಮೂವತ್ತೆಂಟನೆಯದು ಸಿಕ್ಕಿದ್ದು ಬುಕ್ಕಾಪಟ್ಟಣದ ಚಿಂಕಾರಾ ಜಿಂಕೆಗಳ ಕಾಡಿನ ಪಕ್ಕದ ರಸ್ತೆಯಲ್ಲಿ, ಯಾವುದೋ ಗಾಡಿಗೆ ಸಿಕ್ಕಿ ಸತ್ತಿದ್ದ ಮೊಲದ ಕಿವಿಯಲ್ಲಿ. ಗಂಡು ಉಣ್ಣೆ, ಒಂದೇ ಒಂದು. ಹೊಟ್ಟೆಯ ಕಡೆಯಿಂದ ಬರೆಯುವಾಗ ಎಡಗಡೆಯ ಹಿಂಗಾಲಿನ ಬುಡದಲ್ಲಿ ಒಂದು ಮುಳ್ಳು ಕಂಡಿತು. ಈ ಬುಡದ ಮುಳ್ಳುಗಳನ್ನು ನೋಡಿಯೇ ಅವರು ಜಾತಿ ಹೇಳುವುದು. ಇದು ನಾನು ಬರೆದ ಯಾವ ಉಣ್ಣೆಯಲ್ಲೂ ಇರದಷ್ಟು ಉದ್ದವಾಗಿತ್ತು. ಬಲಗಡೆಯ ಹಿಂಗಾಲು ಮೈಯಡಿಗೆ ಮುದುರಿಕೊಂಡು ಆ ಜಾಗವನ್ನೇ ಮುಚ್ಚಿತ್ತು. ನನಗೇನು, ಎಂದಿನಂತೆ ಮಡಚಿದೆ.

ಸಣ್ಣೀರಮ್ಮ ಚಿತ್ರವನ್ನು ಕಿಟಕಿಗೆ ಹಿಡಿದರು. ಮುಖವನ್ನು ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು. ಅಳತೆ ಕೇಳಿದರು, ಹೇಳಿದೆ. ಆಮೇಲೆ ಕುರ್ಚಿಯಲ್ಲಿ ಕೂತು, "ಇದು ಯಾರೂ ಕಂಡಿಲ್ಲದ್ದು ಕಣಯ್ಯ" ಎಂದರು. "ನಲವತ್ತು ವರ್ಷ ಬೇರೆಯೋರು ಇಟ್ಟ ಹೆಸರು ಸರಿ ಐತಾ ಅಂತ ನೋಡಿದ್ದೇ ಆಯ್ತು. ನಾನೇ ಹೊಸ್ದಾಗಿ ಒಂದೂ ಇಟ್ಟಿಲ್ಲ. ಇದಕ್ಕೆ ನಿನ್ನ ಹೆಸರಿಡ್ತೀನಿ."

ಲ್ಯಾಟಿನ್ನಿನ ಬಾಲ ಸೇರಿಸಿ ನನ್ನ ಹೆಸರು ಹೇಗಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನು ಆ ಚೀಟಿಯನ್ನು ಶಿರಾ ಪೇಟೆಯಲ್ಲಿ ಯಾರಿಗೆ ತೋರಿಸಲಿಲ್ಲ ಹೇಳಿ! ಸೈಕಲ್ ಶಾಪಿನವನಿಗೆ, ಬೇಕರಿಯವನಿಗೆ, ನನ್ನ ಕೆಲಸ ಕಿತ್ತುಕೊಂಡ ಫ್ಲೆಕ್ಸ್ ಅಂಗಡಿಯವನಿಗಂತೂ ಎರಡು ಸಲ. ಶಮೀಮ್ ಮಾತ್ರ, "ರಕ್ತ ಹೀರೋದಕ್ಕೆ ನಿಮ್ಮ ಹೆಸರಾ? ಸರಿಯಾಗೇ ಇಟ್ಟವ್ರೆ" ಎಂದಳು. ಆ ರಾತ್ರಿ ಬಿರಿಯಾನಿ ಮಾಡಿದಳು ಅನ್ನುವುದು ಬೇರೆ ಮಾತು.

ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಅದಕ್ಕೆ ಮುಂಚೆ ಆ ಜಾತಿಯ ಇನ್ನೊಂದು ಹುಳ ಸಿಕ್ಕೀತೇ ಎಂದು ಸುತ್ತಲಿನ ನಾಲ್ಕೂ ತಾಲ್ಲೂಕು ಅಲೆದೆವು. ಒಂದು ಶನಿವಾರ ಪಾವಗಡದಿಂದ ಬರಿಗೈಯಲ್ಲಿ ವಾಪಸು ಬರುತ್ತಿದ್ದೆವು. ಬಸ್ಸು ಮಿಡಿಗೇಶಿಯಲ್ಲಿ ನಿಂತು ಹೊರಟಿತು. ಕೋಟೆ ಬೆಟ್ಟ ಹಿಂದೆ ಸರಿದ ಮೇಲೆ ಸಣ್ಣೀರಮ್ಮ ತಾವಾಗಿಯೇ ಶುರುಮಾಡಿದರು.

"ನಮ್ಮ ಮೇಷ್ಟ್ರು ಒಂದು ಹೊಸ ಜಾತಿ ಕಂಡುಹಿಡಿದಿದ್ರು ಕಣಯ್ಯ. ನಂಗೆ ಅಕ್ಷರ ಅಕ್ಷರ ಕಲ್ಸಿದೋರು. ಒಂದೇ ಹುಳ ಇಟ್ಕಂಡು ಹೆಸರು ಕೊಟ್ಬುಟ್ಟಿದ್ರು. ಎಷ್ಟೋ ವರ್ಷ ಆದ್ಮೇಲೆ ಆ ಹುಳ ನನ್ನ ಕೈಗೆ ಬಂತು. ತಿರುಗಿಸಿ ನೋಡ್ತೀನಿ, ಒಂದು ಕಡೆ ಮಾತ್ರ ಹಂಗೈತೆ, ಇನ್ನೊಂದು ಕಡೆ ಮಾಮೂಲಿ. ಹೊಸ ಜಾತಿ ಅಲ್ಲ, ಊನ ಆಗಿರೋ ಹಳೇದೇ. ಅವರು ಒಂದೇ ಕಡೆ ನೋಡಿದ್ರು."

"ಆಮೇಲೆ?"

"ಬರ್ದೆ. ಬರೀದೆ ಇರಕ್ಕಾಗ್ತದಾ? ಜನ ಅದನ್ನ ನಂಬ್ಕಂಡು ಕೆಲಸ ಮಾಡ್ತಿದ್ರು. ಹೆಸರು ಕಿತ್ತಾಕಿದ್ರು. ಮೇಷ್ಟ್ರನ್ನ ಎಲ್ರೂ ಕುಂಟುಣ್ಣೆ ಮೇಷ್ಟ್ರು ಅನ್ನಕ್ಕೆ ಶುರು ಮಾಡಿದ್ರು. ಸಾಯೋಗಂಟ ನನ್ನ ಜೊತೆ ಮಾತಾಡ್ಲಿಲ್ಲ. ಅವರು ಮಾಡಿದ್ದ ಒಳ್ಳೇ ಕೆಲಸನೆಲ್ಲ ಜನ ಮರ್ತೇಬುಟ್ರು."

"ಮತ್ತೆ ನಮ್ದೂ ಒಂದೇ ಹುಳ ಅಲ್ವಾ ಅಮ್ಮ?" ಎಂದೆ, ಏನೂ ಯೋಚಿಸದೆ.

"ಅದಕ್ಕೇ ಇಷ್ಟು ಅಲೆದಿದ್ದು. ಸಿಗ್ಲಿಲ್ಲ. ನನ್ನ ಕಣ್ಣು ಇನ್ನೊಂದು ವರ್ಷ ಕಾಯಲ್ಲ. ಆದ್ರೂ ಪರವಾಗಿಲ್ಲ. ಊನ ಆಗಿದ್ರೆ ಒಂದು ಕಡೆ ಇರ್ತಿತ್ತು. ನಮ್ದು ಎರಡೂ ಕಡೆ ಒಂದೇ ಥರ ಉದ್ದ ಐತಲ್ಲ. ನಿನ್ನ ಚಿತ್ರ ನೋಡಿದ್ಮೇಲೇ ನಂಗೆ ಧೈರ್ಯ ಬಂದಿದ್ದು."

ಆ ಬಲಗಡೆಯನ್ನು ಬರೆದದ್ದು ನನ್ನ ಕಣ್ಣಲ್ಲ, ಮಡಚಿದ ಕಾಗದ. ಬಸ್ಸಿನ ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ಆಗಲೇ ಹೇಳಬೇಕಿತ್ತು. ಹೇಳಿದರೆ ನಾನು ಏನಾಗುತ್ತೇನೆ? ಅದಕ್ಕಿಂತ ಹೆಚ್ಚಾಗಿ, ಅವರು ಏನಾಗುತ್ತಾರೆ? ಮಧುಗಿರಿ ಬಂತು. ಸಣ್ಣೀರಮ್ಮ ಕಂಬಿ ಹಿಡಿದು ಇಳಿಯುತ್ತಾ, "ಸೋಮವಾರ ಹತ್ತು ಗಂಟೆಗೆ ಕೊರಿಯರಿನೋನು ಬರ್ತಾನೆ. ಚಿತ್ರ, ಬರಹ, ಆ ಹುಳ ಎಲ್ಲಾ ಕಳ್ಸಿಬುಡ್ತೀನಿ" ಎಂದರು. ಹುಳ ಅಚ್ಚಿನವರ ಕೈಯಿಂದ ದೂರದ ಮ್ಯೂಸಿಯಂ ಸೇರಿದರೆ ಮುಂದೆ ಎಂದೋ ಒಬ್ಬರು ಅದನ್ನು ತಿರುಗಿಸಿ ನೋಡುತ್ತಾರೆ. ಅವರು ಸಣ್ಣೀರಮ್ಮನಷ್ಟೇ ಪ್ರಾಮಾಣಿಕರಾಗಿದ್ದರೆ ಬರೆದೇ ಬರೆಯುತ್ತಾರೆ.

ನಾನು ತಲೆಯಾಡಿಸಿ ಶಿರಾ ಬಸ್ಸು ಹತ್ತಿದೆ. ಹೇಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಿಮಗೆ ಬೇಕಾಗಿಲ್ಲ.

ಭಾನುವಾರ ಟ್ರಂಕಿನಿಂದ ಆ ಪಾರದರ್ಶಕ ಕಾಗದ ತೆಗೆದು ನೋಡಿದೆ. ನಡುವೆ ಮಡಿಕೆಯ ಗೆರೆ, ಒಂದು ಪಕ್ಕ ಮಾತ್ರ ಕೈಯಲ್ಲಿ ಬರೆದ ಪೆನ್ಸಿಲ್ಲು, ಇನ್ನೊಂದು ಪಕ್ಕ ಉಗುರಿನಿಂದ ತಿಕ್ಕಿದ ಮಬ್ಬು ಅಚ್ಚು. ಬಲಗಡೆಯೂ ಉದ್ದವೇ ಇರಬಹುದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇರಬಹುದು, ಇಲ್ಲದೆಯೂ ಇರಬಹುದು. ನೋಡಿದವರು ಯಾರು? ಮಧ್ಯಾಹ್ನ ಧೈರ್ಯ ಮಾಡಿ ಫೋನು ಹಚ್ಚಿದೆ. "ಏನಯ್ಯ?" ಎಂದು ಆ ಕಡೆಯಿಂದ ಖುಷಿಯ ದನಿ ಬಂತು. "ಏನಿಲ್ಲ ಡಾಕ್ಟ್ರಮ್ಮ, ಅಲ್ಲಿ ಬಿಸಿಲು ಹೆಂಗೈತೆ ಅಂತ ಕೇಳೋಣ ಅಂತ" ಎಂದು ಇಟ್ಟುಬಿಟ್ಟೆ.

ಶಮೀಮಳಿಗೆ ಹೇಳಲೇಬೇಕಾಯಿತು. ಊಟ ಬಿಟ್ಟ ಗಂಡಸು ನಮ್ಮ ಮನೆಯಲ್ಲಿ ಏನನ್ನೂ ಮುಚ್ಚಿಡಲಾರ. ಅವಳು ಕಾಗದವನ್ನು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ ನೋಡಿದಳು.

"ಬಲಗಡೆ ನೋಡೇ ಇಲ್ವಾ?"

"ಕಾಲು ಅಡ್ಡ ಇತ್ತು."

"ನಮ್ಮ ಅಬ್ಬಾ ಮದುವೆಗೆ ಮುಂಚೆ ನಿಮಗೆ ನನ್ನ ಅರ್ಧ ಮುಖ ತೋರ್ಸಿದ್ರೆ ಒಪ್ಕಂತಿದ್ರಾ?"

"ಸುಮ್ಮನಿದ್ದರೆ ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ಅವರು ಒಡೆದುಹೋಗ್ತಾರೆ ಶಮೀಮ್. ಎಷ್ಟು ಖುಷಿಯಾಗವ್ರೆ ಗೊತ್ತಾ?"

"ಅವರ ಖುಷಿಗೆ ಅಂತೀರೋ, ನಿಮ್ಮ ಚೀಟಿಗೆ ಅಂತೀರೋ?" ಎಂದಳು. ನನಗೆ ಕೋಪ ಬಂತು. ನಿಜ ಹೇಳಿದವರ ಮೇಲೆ ಬರುವ ಕೋಪ ಅದು.

ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಬಡವನಹಳ್ಳಿ ದಾಟುವ ಮುಂಚೆಯೇ ಬಸ್ಸು ಕೆಟ್ಟು ನಿಂತಿತು. ಡ್ರೈವರ್ ಇಳಿದು ಎರಡು ಸಲ ಚಕ್ರಕ್ಕೆ ಒದ್ದು, ನಮ್ಮ ಕಡೆ ನೋಡಿ ಕೈ ಆಡಿಸಿದ. ಎಂಟೂವರೆ, ಒಂಬತ್ತು, ಒಂಬತ್ತೂಕಾಲು. ಫೋನು ಮಾಡಿದ್ದರೆ ಹಿಂದಿನ ದಿನದ ಹಾಗೆ ಬಿಸಿಲಿನ ವಿಷಯ ಕೇಳಿ ಇಟ್ಟುಬಿಡುತ್ತಿದ್ದೆ. ಟೊಮ್ಯಾಟೊ ತುಂಬಿದ ಲಗೇಜ್ ಆಟೋ ಒಂದಕ್ಕೆ ಕೈ ಅಡ್ಡ ಹಾಕಿ, ಕ್ರೇಟುಗಳ ಮೇಲೆ ಕೂತುಕೊಂಡೆ. ಅಲ್ಲಿಂದ ಮಧುಗಿರಿಯವರೆಗೆ ಎಷ್ಟು ಹಂಪುಗಳಿವೆ ಎಂದು ನನ್ನನ್ನು ಕೇಳಿ.

ಮನೆಯ ಮುಂದೆ ಕೊರಿಯರಿನವನ ಬೈಕು ನಿಂತಿತ್ತು. ಅವನು ಬಾಗಿಲಲ್ಲೇ ಕೂತು ರಸೀದಿ ಬರೆಯುತ್ತಿದ್ದ, ಸಣ್ಣೀರಮ್ಮ ಪಕ್ಕದಲ್ಲಿ ನಿಂತಿದ್ದರು. ಅವನ ತೊಡೆಯ ಮೇಲೆ ಬಟ್ಟೆ ಸುತ್ತಿ ಹೊಲಿದ ಪಾರ್ಸಲ್ಲು.

"ಡಾಕ್ಟ್ರಮ್ಮ, ಕಳಿಸಬೇಡಿ" ಎಂದೆ. ಏದುಸಿರು ಬರುತ್ತಿತ್ತು. "ನಾನು ಬಲಗಡೆ ನೋಡಿಲ್ಲ. ಎಡಗಡೆ ಬರೆದು ಕಾಗದ ಮಡಚಿ ಇಳಿಸಿದ್ದು."

ಸಣ್ಣೀರಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೊರಿಯರಿನವನು ನನ್ನನ್ನೂ ಅವರನ್ನೂ ನೋಡಿ, "ಬೇಗ ಹೇಳಿ ಅಣ್ಣ, ನಾನು ಕೊರಟಗೆರೆಗೆ ಹೋಗ್ಬೇಕು" ಎಂದ. ಅವರು ಕತ್ತರಿ ತಂದು, ತಡಕಾಡಿ, ತಾವೇ ಹಾಕಿದ್ದ ಹೊಲಿಗೆಯನ್ನು ತಾವೇ ಬಿಚ್ಚಿದರು. "ನೀನು ಹೋಗಿ ಬಾರಪ್ಪ" ಎಂದು ಅವನಿಗೂ, "ನೋಡು" ಎಂದು ನನಗೂ ಹೇಳಿದರು.

ಹುಳವನ್ನು ಬಟ್ಟಲ ಸ್ಪಿರಿಟ್ಟಿಗೆ ಬಿಟ್ಟು, ಹೊಟ್ಟೆ ಮೇಲಾಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎರಡು ಸೂಜಿ ತಗೊಂಡೆ. ಒಂದರಿಂದ ಮೈ ಒತ್ತಿಹಿಡಿದು ಇನ್ನೊಂದರಿಂದ ಆ ಮುದುರಿದ ಕಾಲನ್ನು ಬಿಡಿಸಬೇಕು. ಸ್ಪಿರಿಟ್ಟಿನಲ್ಲಿದ್ದ ಕಾಲು ಸೆಟೆದುಕೊಂಡಿತ್ತು. ಸ್ವಲ್ಪ ಜೋರು ಮಾಡಿದರೆ ಬುಡಸಮೇತ ಕಿತ್ತುಬರುತ್ತದೆ. ಒಂದು ಅಕ್ಷರದ ಬಾಲವನ್ನು ಉಸಿರು ಬಿಗಿಹಿಡಿದು ಎಳೆಯಲು ಅಬ್ಬಾ ಕಲಿಸಿದ್ದರಲ್ಲ, ಹಾಗೆ ಉಸಿರು ಹಿಡಿದೆ. ಕಾಲು ಕೂದಲೆಳೆಯಷ್ಟು ಸರಿಯಿತು. ಇನ್ನೊಂದಿಷ್ಟು ಸರಿಯಿತು. ಆಮೇಲೆ ಪೂರ್ತಿ ಪಕ್ಕಕ್ಕೆ ಬಿತ್ತು.

ನೋಡಿದೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ.

ಹಿಂದಿನಿಂದ ಸಣ್ಣೀರಮ್ಮ ಕೇಳಿದರು. "ಎರಡೂ ಕಡೆ ಒಂದೇ ಥರ ಐತಾ?"

ನಿಮಗೆ ಸುಳ್ಳು ಹೇಳುವುದಿಲ್ಲ. ಆ ಒಂದು ಗಳಿಗೆ 'ಹೂಂ' ಎನ್ನುವ ಆಸೆಯಾಯಿತು. ಆ ಕೋಣೆಯಲ್ಲಿ ನೋಡಬಲ್ಲ ಕಣ್ಣು ನನ್ನದೊಂದೇ. ಹೂಂ ಅಂದಿದ್ದರೆ ಅವರು ಅದೇ ಸೂಜಿದಾರ ತಗೊಂಡು ಪಾರ್ಸಲ್ಲನ್ನು ಮತ್ತೆ ಹೊಲಿಯುತ್ತಿದ್ದರು, ನಗುತ್ತಿದ್ದರು, ನನಗೆ ಕಾಫಿ ಕೊಡುತ್ತಿದ್ದರು. ನನ್ನ ಹೆಸರು ಪುಸ್ತಕದಲ್ಲಿ ಅಚ್ಚಾಗುತ್ತಿತ್ತು.

"ಇಲ್ಲ ಅಮ್ಮ. ಬಲಗಡೆ ಗಿಡ್ಡ" ಎಂದೆ.

"ಎಷ್ಟು ಗಿಡ್ಡ?"

"ಎಡಗಡೇದ್ರಾಗೆ ಅರ್ಧಾನೂ ಇಲ್ಲ. ಹೋದ ವರ್ಷ ಮಿಡಿಗೇಶಿ ಮೊಲದಾಗೆ ತೆಗೆದ್ವಲ್ಲ, ಅದರಂಗೇ ಐತೆ."

"ಹಂಗಾದ್ರೆ ಅದೇ ಹಳೇ ಜಾತಿ" ಎಂದರು. ಕುರ್ಚಿ ಎಳೆದುಕೊಂಡು ಕೂತರು. ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಅದರ ಬಲ ಅರ್ಧದ ಮೇಲೆ ಅಂಗೈ ಆಡಿಸಿದರು. ಆಮೇಲೆ ತಲೆ ಎತ್ತಿದರು.

"ಮಿಕ್ಕಿದ್ದು?"

ನಾನು ಹೆದರಿಕೊಂಡೇ ಬಂದಿದ್ದ ಪ್ರಶ್ನೆ ಅದು. "ಎಲ್ಲಾ ಮಡಚಿದ್ದೇ ಅಮ್ಮ."

"ಮೂವತ್ತೇಳೂ?"

"ಮೂವತ್ತೇಳೂ."

ಆಗ ಅವರು ಬೈದರು. ನಲವತ್ತು ವರ್ಷ ಹೆಸರು ಮಾಡಿದ ವಿಜ್ಞಾನಿ ಬೈಯಲಿಲ್ಲ, ಮಿಡಿಗೇಶಿಯ ಕುರಿ ಮನೆಯ ಹೆಂಗಸು ಬೈದರು. "ಕಣ್ಣಿದ್ದೂ ಕುರುಡ ಆದ್ಯಲ್ಲೋ! ನಂಗೆ ಕಣ್ಣಿಲ್ಲ ಅಂತ ನಿನ್ನ ಕಣ್ಣು ಕೇಳಿದ್ರೆ ಅರ್ಧ ಕೊಟ್ಟು ಅರ್ಧ ಮುಚ್ಕಂಡ್ಯಾ? ಮಡಚೋರು ಮಡಚ್ತಾರೆ, ಚಿತ್ರದ ಕೆಳಗೆ ಹಂಗಂತ ಬರೀತಾರೆ! ಮಿಕ್ಕಿದ್ದೆಲ್ಲ ಸರಿಯಾಗೇ ಇರಬೋದು. ಆದ್ರೆ ನೋಡ್ದೆ ಬರ್ದಿದ್ದನ್ನ ನೋಡಿದೀವಿ ಅಂತ ನಾನು ಹೆಂಗೆ ಸಹಿ ಹಾಕ್ಲಿ?" ನಾನು ತಲೆ ತಗ್ಗಿಸಿ ನಿಂತಿದ್ದೆ. ಐವತ್ತಾರು ವರ್ಷದ ಗಂಡಸು, ಕಣ್ಣಲ್ಲಿ ನೀರು, ಪ್ಯಾಂಟಿನ ಹಿಂಬದಿಗೆಲ್ಲ ಟೊಮ್ಯಾಟೊ ರಸ.

ಬೈದು ಸಾಕಾದ ಮೇಲೆ ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ನನ್ನ ಲೋಟವನ್ನು ಕೈಗೇ ಕೊಟ್ಟರು.

"ನಮ್ಮ ಮೇಷ್ಟ್ರ ಹತ್ರ ಯಾರೂ ಹಿಂಗೆ ಬಸ್ಸು ಹತ್ಕಂಡು ಬರ್ಲಿಲ್ಲ ಕಣಯ್ಯ" ಎಂದರು. "ಅವರ ಚಿತ್ರ ಬರೆಯೋನಿಗೂ ಗೊತ್ತಿತ್ತಂತೆ. ಬಾಯಿ ಬಿಡ್ಲಿಲ್ಲ."

ನಾನು ಕಾಫಿ ಕುಡಿದೆ. ಅವರು ಬೀರು ತೆರೆದು ಸೀಸೆಗಳ ಪೆಟ್ಟಿಗೆಯನ್ನು ಎಳೆದು, ಒಂದನೆಯ ನಂಬರಿನ ಸೀಸೆಯನ್ನು ಬೆರಳಿನಿಂದ ಮುಟ್ಟಿ ಗುರುತು ಹಿಡಿದು, ನನ್ನ ಮುಂದಿಟ್ಟರು. ನಾನು ಹೊಸ ಕಾಗದ ಹಾಸಿಕೊಂಡೆ. ಅಷ್ಟರಲ್ಲಿ ಫೋನು ಬಂತು. ಪುಸ್ತಕ ಅಚ್ಚು ಹಾಕುವವರು, ಬೆಂಗಳೂರಿನಿಂದ. ಸಣ್ಣೀರಮ್ಮನಿಗೆ ಗುಂಡಿ ಸರಿಯಾಗಿ ಕಾಣದ್ದರಿಂದ ಫೋನು ಯಾವಾಗಲೂ ಜೋರು ದನಿಯಲ್ಲೇ ಇರುತ್ತದೆ, ಎರಡೂ ಕಡೆಯ ಮಾತು ನನಗೆ ಕೇಳುತ್ತಿತ್ತು.

"ಮೇಡಂ, ಪಾರ್ಸಲ್ ಹೊರಡ್ತಾ?"

"ಇಲ್ಲಪ್ಪ. ಪುಸ್ತಕ ಇನ್ನೂ ಅರ್ಧ ಆಗೈತೆ."

"ಮೊನ್ನೆ ಪೂರ್ತಿ ಆಯ್ತು ಅಂದಿದ್ರಲ್ಲ ಮೇಡಂ?"

"ಮೊನ್ನೆ ನಂಗೂ ಗೊತ್ತಿರ್ಲಿಲ್ಲ" ಎಂದು ಸಣ್ಣೀರಮ್ಮ ಫೋನು ಇಟ್ಟು, ತಮ್ಮ ಕುರ್ಚಿಯನ್ನು ನನ್ನ ಬಲಗಡೆಗೆ ಎಳೆದುಕೊಂಡು ಕೂತರು.